ಕುಂದಾಪುರದ ‘ಬೈಗೆ’ ಮೀನು ಅಂದ್ರೆ ಬೂತಾಯಿಯೇ, ಪೇಡಿಯೇ?

ಘಟ್ಟದಮೇಲೆ:
ಕುಂದಾಪುರ ಕಡೆಯ ಅಡುಗೆ ಬರಹವೊಂದರಲ್ಲಿ ‘ಅರ್ಧ ಕಿಲೋ ಬೈಗೆ’ ಅಂತಿದೆ. ನಿಘಂಟು ತೆಗೆದರೆ ‘ಬೈಗು’ ಅಂದರೆ ಸಂಜೆ ಅಂತ ಸಿಗುತ್ತೆ, ಮೀನಿನ ಸುದ್ದಿಯೇ ಇಲ್ಲ. ಇದು ಮಂಗಳೂರಿನವರ ಬೂತಾಯಿಯೇ? ಅಥವಾ ಪೇಡಿ ಅಂತಾರಲ್ಲ, ಅದೇ? ಅಂಗಡಿಯಲ್ಲಿ ಏನಂತ ಕೇಳಬೇಕು?

ಕಡಲಕರೆ:
ಬೂತಾಯಿಯೇ. ಸಂಜೆಯ ಬೈಗಿಗೂ ಈ ಮೀನಿಗೂ ಗಂಟು ಹಾಕಬೇಡಿ. ಕುಂದಾಪುರ ಸುತ್ತಲಿನ ಕನ್ನಡದಲ್ಲಿ ಬೈಗೆ, ಮಾತಿನಲ್ಲಿ ‘ಬೈಗಿ’. ತುಳುವಿನಲ್ಲಿ ಬೂತಾಯಿ, ಉತ್ತರ ಕನ್ನಡದ ಕೊಂಕಣಿಯಲ್ಲಿ ತಾರ್ಲೊ (ಒಂದಕ್ಕಿಂತ ಹೆಚ್ಚಾದರೆ ತಾರ್ಲೆ), ಗಡಿ ದಾಟಿ ಕೇರಳಕ್ಕೆ ಹೋದರೆ ಮತ್ತಿ. 1847ರಲ್ಲಿ ಇದಕ್ಕಿಟ್ಟ ಶಾಸ್ತ್ರೀಯ ಹೆಸರು ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಬೆಂಗಳೂರಿನ ಅಂಗಡಿಗಳಲ್ಲಿ ಮತ್ತಿ ಅಥವಾ ಬೂತಾಯಿ ಅನ್ನಿ. ಬೈಗೆ ಅಂದರೆ ಬಹಳ ಕಡೆ ಅರ್ಥವಾಗಲಿಕ್ಕಿಲ್ಲ.

ಧಕ್ಕೆಯವ:
ಹೆಸರು ಸರಿಯಾಗಿದ್ದರೂ ಬುಟ್ಟಿಯಲ್ಲಿರೋದು ಬೇರೆ ಇರಬಹುದು. ಪೇಡಿ, ಎರೆಬೈ ಅನ್ನುವುದು ಅದೇ ಕುಲದ ಸಣ್ಣ ಜಾತಿಗಳಿಗೆ. ಗಾತ್ರ ನೋಡಿ ತೀರ್ಮಾನಿಸಬೇಡಿ, ಮರಿ ಬೈಗೆಯೂ ಪೇಡಿಯಷ್ಟೇ ಇರುತ್ತೆ. ಬೈಗೆಯ ಮೈ ದುಂಡಗೆ, ಉದ್ದಕ್ಕೆ. ಕಿವಿರಿನ ಮುಚ್ಚಳದ ಹಿಂದಂಚಿನಲ್ಲಿ ಒಂದು ಕಪ್ಪು ಚುಕ್ಕೆ. ಪೇಡಿಯ ಮೈ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ, ಅದರ ಕಪ್ಪು ಗುರುತು ಬೆನ್ನಿನ ರೆಕ್ಕೆಯ ಬುಡದಲ್ಲಿ. ಐಸಿನಲ್ಲಿ ಬಣ್ಣ ಹೋಗಿದ್ದರೆ ಕಿವಿರಿನ ಮುಚ್ಚಳ ಎತ್ತಿ ನೋಡಿ. ಒಳಗಿನ ಬಾಚಣಿಗೆಯ ಹಲ್ಲುಗಳು ಬೈಗೆಯಲ್ಲಿ ಬಹಳ ಒತ್ತೊತ್ತು: ಕಿವಿರಿನ ಕಮಾನಿನ ಕೆಳಭಾಗದಲ್ಲೇ 150ಕ್ಕಿಂತ ಹೆಚ್ಚು. ಪೇಡಿಯಲ್ಲಿ 100ಕ್ಕೂ ಕಡಿಮೆ. ಬೈಗೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ ಸೋಸಿ ತಿನ್ನುವ ಮೀನು, ಅದಕ್ಕೇ ಅಷ್ಟು ಸಣ್ಣ ಜರಡಿ.

ಹೊಟ್ಟೆ ಒಡೆದದ್ದು ಮಾತ್ರ ಬೇಡ. ಹೊಟ್ಟೆ ತುಂಬ ತಿಂದ ಮೀನನ್ನು ಐಸ್ ಹಾಕದೆ ಇಟ್ಟರೆ ಕರುಳಿನ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಕರಗಿಸುತ್ತೆ. ಮುಂದೆ ಎಷ್ಟು ತೊಳೆದರೂ ಕಹಿ ಬಿಡಲ್ಲ.

ಘಟ್ಟದಮೇಲೆ:
ತುಂಬಾ ಉಪಕಾರ. ಆ ಬರಹದಲ್ಲಿ ಹುರಿಯಲು ಎರಡೇ ಚಮಚ ಎಣ್ಣೆ ಹೇಳಿದ್ದಾರೆ, ಸಾಕಾಗುತ್ತಾ?

ಕಡಲಕರೆ:
ಬೈಗೆಯಾದರೆ ಧಾರಾಳ ಸಾಕು ಮಾರಾಯ್ರೆ, ಪೇಡಿಗೆ ಸಾಲದು. ಮಳೆಗಾಲ ಮುಗಿದು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬೈಗೆಯಲ್ಲಿ ಕೊಬ್ಬು ತುಂಬಿರುತ್ತೆ, ಕಾವಲಿಗೆ ಹಾಕಿದ ಸ್ವಲ್ಪ ಹೊತ್ತಿಗೇ ತಾನೇ ಎಣ್ಣೆ ಬಿಡುತ್ತೆ. ಬೇಸಿಗೆಯ ಬಡಕಲು ಮೀನಿಗೆ ಇನ್ನೊಂದು ಚಮಚ ಸೇರಿಸಿ. ಕಾವಲಿ ಚೆನ್ನಾಗಿ ಕಾಯಲಿ, ಉರಿ ಮಧ್ಯಮ ಇರಲಿ. ಒಂದು ಮಗ್ಗುಲು ಕೆಂಪಾಗಿ ತಾನಾಗಿ ಬಿಡುವವರೆಗೆ ಮಗುಚಬೇಡಿ. ಅವಸರ ಮಾಡಿದರೆ ಚರ್ಮ ಕಾವಲಿಗೇ ಅಂಟಿ ಉಳಿಯುತ್ತೆ. ಸಾರಾದರೆ ಮಸಾಲೆ ಕುದಿ ಬಂದ ಮೇಲೆ ಮೀನು ಹಾಕಿ, ಆರೇಳು ನಿಮಿಷ ಸಾಕು. ಸೌಟು ಆಡಿಸಿದರೆ ಪುಡಿಯಾಗುತ್ತೆ, ಪಾತ್ರೆಯನ್ನೇ ಹಿಡಿದು ತಿರುಗಿಸಿ.

ಅಕ್ಷರಮೀನು:
ಬರೆಯುವವರಿಗೆ ಒಂದು ಕೋರಿಕೆ. ಬೈಗೆ ಎಂದೇ ಬರೆಯಿರಿ, ಮೊದಲ ಸಲ ಪಕ್ಕದಲ್ಲಿ ‘ಬೂತಾಯಿ’ ಅಂತ ಸೇರಿಸಿದರಾಯಿತು. ‘ಸಾರ್ಡಿನ್’ ಅಂತಷ್ಟೇ ಹಾಕಿದರೆ ಬೈಗೆಯೂ ಪೇಡಿಯೂ ಒಂದೇ ಹೆಸರಿನಡಿ ಬರುತ್ತವೆ. ಮೇಲೆ ಹೇಳಿದ ಎಣ್ಣೆಯ ಲೆಕ್ಕ ತಪ್ಪುವುದು ಅಲ್ಲೇ.