ಕುಡಿತ ಬಿಡಿಸಲು ಮೂರು ತಿಂಗಳು ಅಡ್ಮಿಟ್ ಮಾಡಲೇಬೇಕಾ? ಮನೆಯಿಂದ ಬಂದು ಹೋದರೆ ಆಗಲ್ವಾ?

ಪ್ರಶ್ನೆ (ಮದ್ದೂರು ತಾಲ್ಲೂಕಿನಿಂದ, ಹೆಸರು ಬೇಡ ಎಂದಿದ್ದಾರೆ):

ನಮಸ್ತೆ ಮೇಡಂ. ನಮ್ಮ ಯಜಮಾನ್ರಿಗೆ 41 ವರ್ಷ. ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. 12 ವರ್ಷದಿಂದ ಕುಡಿತ ಇದೆ. ಈಗ ಎರಡು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ. ಒಂದು ನೈಂಟಿ ಬಿದ್ದ ಮೇಲೆಯೇ ಕಾಫಿ ಲೋಟ ಹಿಡಿಯುವುದು. ಹೋದ ಯುಗಾದಿಗೆ ದೇವರ ಮುಂದೆ ಆಣೆ ಮಾಡಿ ತಾವೇ ಬಿಟ್ಟರು. ಎರಡನೇ ದಿನ ರಾತ್ರಿ ಫಿಟ್ಸ್ ಬಂತು. ಹೆದರಿ ನಾವೇ ಮತ್ತೆ ಕುಡಿಸಿದೆವು. ಒಂದು ಕೇಂದ್ರದವರು ಮೂರು ತಿಂಗಳು ಬಿಟ್ಟು ಹೋಗಿ, ನೋಡೋಕೂ ಬರಬೇಡಿ ಅಂತಾರೆ. ಕಟಾವು ಶುರುವಾಗಿದೆ, ಟ್ರ್ಯಾಕ್ಟರ್ ಸಾಲ ಇದೆ. ವಾರಕ್ಕೆ ಮೂರು ದಿನ ಬಂದು ಹೋಗುವ ಚಿಕಿತ್ಸೆ ಇದೆಯಂತೆ. ಅದು ನಮಗೆ ಆಗುತ್ತಾ?

ಉತ್ತರ (ಮೈಸೂರಿನ ಮನೋವೈದ್ಯೆ):

ಅಮ್ಮ, ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಫಿಟ್ಸ್ ಎಂಬ ಮಾತಿನ ಮೇಲೆ. ಅದಿಲ್ಲದಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ಅವರು ಮನೆಯಲ್ಲಿ ಒಂದೇ ಸಲಕ್ಕೆ ಕುಡಿತ ನಿಲ್ಲಿಸುವುದು ಬೇಡ. ನೀವೂ ಬಾಟಲಿ ಬಚ್ಚಿಟ್ಟು ನಿಲ್ಲಿಸಬೇಡಿ. ಹಾಗೆಂದು ಕಾಯುತ್ತಾ ಕೂರಲೂ ಬೇಡಿ. ಈ ವಾರವೇ ಆಸ್ಪತ್ರೆಗೆ ಕರೆತನ್ನಿ.

ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು, ಮದ್ಯದ ಮಂಪರಿಗೆ ಎದುರಾಗಿ ತನ್ನ ವೇಗ ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ವೇಗ ಮಾತ್ರ ಉಳಿಯುತ್ತದೆ. ಕೊನೆಯ ಸಲ ಕುಡಿದ 6ರಿಂದ 8 ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ ಶುರು. ಫಿಟ್ಸ್ ಬರುವುದು ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದ ಹಾಗಾಗುತ್ತದೆ. ದಿನ ಯಾವುದು, ಊರು ಯಾವುದು ತಿಳಿಯುವುದಿಲ್ಲ. ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ. ಇದರಲ್ಲಿ ಜೀವ ಹೋಗುವುದೂ ಉಂಟು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾ ಎರಡು ದಿನ ಕಳೆದು, ತೀರಾ ತಡವಾಗಿ ಬಂದವರನ್ನು ನೋಡಿ ನನಗೆ ಇಂದಿಗೂ ಸಂಕಟವಾಗುತ್ತದೆ. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬಿಟ್ಟಾಗ ಮತ್ತೆ ಬರುವ ಸಂಭವ ಜಾಸ್ತಿ.

ಹಾಗಾಗಿ ನಿಮಗೆ ಮೊದಲು ಅಡ್ಮಿಷನ್ ಬೇಕು. ಆದರೆ ಮೂರು ತಿಂಗಳಲ್ಲ, ಹೆಚ್ಚಿನವರಿಗೆ ಒಂದು ವಾರ, ಹತ್ತು ದಿನ ಸಾಕು. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮುಂದೆ ಪದೇ ಪದೇ ಹೋಗಬೇಕಲ್ಲ, ನಿಮಗೆ ಮಂಡ್ಯವೇ ಹತ್ತಿರ. ಅಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಕೊಟ್ಟು, ದಿನದಿಂದ ದಿನಕ್ಕೆ ಡೋಸ್ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಸುಸ್ತು ಎಂದು ಊರಿನ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಏರಿಸಿಕೊಂಡು ಬರಬೇಡಿ. ಬಿ1 ಬರಿದಾದ ದೇಹಕ್ಕೆ ಗ್ಲೂಕೋಸ್ ಮಾತ್ರ ಹೋದರೆ ಮೆದುಳಿಗೆ ಪೆಟ್ಟು ಬಿದ್ದು, ನೆನಪಿನ ಶಕ್ತಿಯೇ ಹೋಗಬಹುದು.

ಆಮೇಲೆ ನೀವು ಕೇಳಿದ ಬಂದು ಹೋಗುವ ಚಿಕಿತ್ಸೆ. ಅಮೆರಿಕದಲ್ಲಿ ಇದನ್ನು ಇಂಟೆನ್ಸಿವ್ ಔಟ್‌ಪೇಷಂಟ್ ಎನ್ನುತ್ತಾರೆ. ವಾರಕ್ಕೆ ಕಡಿಮೆ ಎಂದರೂ 9 ಗಂಟೆ, ಸಾಮಾನ್ಯವಾಗಿ ಮೂರು ದಿನ, ದಿನಕ್ಕೆ ಮೂರು ಗಂಟೆ. ಗುಂಪಿನಲ್ಲಿ ಕೂತು ಮಾತು, ಒಬ್ಬೊಬ್ಬರಿಗೇ ಕೌನ್ಸೆಲಿಂಗ್, ಮನೆಯವರಿಗೆ ತಿಳಿವಳಿಕೆ, ಮೂತ್ರ ಪರೀಕ್ಷೆ, ಮಾತ್ರೆ. ರಾತ್ರಿ ಅವರವರ ಮನೆಗೆ. ನಮ್ಮ ಕಡೆ ಇದೆಲ್ಲ ಒಂದೇ ಸೂರಿನಡಿ ಸಿಗುವುದು ಕಷ್ಟ. ನಾವೇ ಜೋಡಿಸಿಕೊಳ್ಳಬೇಕು. ವಾರಕ್ಕೊಮ್ಮೆ ಡಾಕ್ಟರು, ಇನ್ನೊಮ್ಮೆ ಕೌನ್ಸೆಲರ್, ಒಂದೆರಡು ಸಂಜೆ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆ, ಅಂದರೆ ಕುಡಿತ ಬಿಟ್ಟವರು, ಬಿಡಬೇಕೆಂದವರು ಸೇರಿ ಮಾತಾಡುವ ಗುಂಪು. ದೂರದ ಊರಿನವರಿಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ನಡುವೆ ಮನಸ್ಸು ಹೊಯ್ದಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನನಗೆ ಈ ಚಿಕಿತ್ಸೆ ಮೇಲೆ ನಂಬಿಕೆ ಇರುವುದಕ್ಕೆ ಕಾರಣ ಇದೆ. ಬೀಗ ಹಾಕಿದ ಕಡೆ ಯಾರೂ ಕುಡಿಯುವುದಿಲ್ಲ. ನಿಜವಾದ ಕಷ್ಟ ಬರುವುದು ಸಂಜೆ ಆರು ಗಂಟೆಗೆ, ಫ್ಯಾಕ್ಟರಿ ಮುಂದೆ ಲೋಡ್ ಸಾಲಿನಲ್ಲಿ ನಿಂತಾಗ, ಪಕ್ಕದ ಟ್ರ್ಯಾಕ್ಟರಿನವರು ಬಾ ಎಂದಾಗ. ಬಂದು ಹೋಗುವವರು ಆ ಸಂಜೆಯನ್ನು ದಾಟಿ, ಮರುದಿನ ಬಂದು ಏನಾಯಿತೆಂದು ಹೇಳುತ್ತಾರೆ. ಎಡವಿದ್ದರೆ ಅದನ್ನೂ ಹೇಳುತ್ತಾರೆ. ಆ ಸಂಜೆಗೆ ಏನು ಮಾಡುವುದು ಎಂದು ಅವತ್ತೇ ಕೂತು ಮಾತಾಡಬಹುದು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಡುಕ ಇಳಿಸುವ ಮಾತ್ರೆಯಿಂದ ತೂಕಡಿಕೆ ಬರುತ್ತದೆ, ಮೇಲಾಗಿ ಫಿಟ್ಸ್ ಬಂದವರು. ಡಾಕ್ಟರು ಸರಿ ಅನ್ನುವವರೆಗೆ ಟ್ರ್ಯಾಕ್ಟರ್ ಮುಟ್ಟಬಾರದು. ಸದ್ಯಕ್ಕೆ ಬೇರೆ ಡ್ರೈವರ್ ನೋಡಿಕೊಳ್ಳಿ. ಸಾಲದ ಕಂತು ಒಂದು ತಿಂಗಳು ತಡವಾದರೂ ತೀರಿಸಬಹುದು.

ನೋಡೋಕೂ ಬರಬೇಡಿ ಎಂದ ಕೇಂದ್ರದ ಬಗ್ಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ, ಮಾದಕ ವಸ್ತುಗಳಿಂದ ಬರುವ ತೊಂದರೆಯೂ ಸೇರಿದೆ. ಮನೆಯವರನ್ನು ನೋಡುವ, ಫೋನ್ ಮಾಡುವ ಹಕ್ಕು ರೋಗಿಗೆ ಇದೆ. ನೋಂದಣಿ ಇದೆಯಾ, ಮನೋವೈದ್ಯರು ಬರುತ್ತಾರಾ ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಅಲ್ಲಿ ಬಿಡಬೇಡಿ.

ಪ್ರಶ್ನೆ (ಅದೇ ಸೋದರಿ):

ಅತ್ತೆ ಅಂತಾರೆ, ಗೊತ್ತಾಗದ ಹಾಗೆ ಸಾರಿಗೆ ಹಾಕುವ ಮಾತ್ರೆ ಇದೆಯಂತೆ, ಅಷ್ಟು ಮಾಡಿದರೆ ಸಾಕು ಅಂತ.

ಉತ್ತರ:

ದಯವಿಟ್ಟು ಬೇಡ. ಅತ್ತೆಯವರಿಗೂ ಓದಿ ಹೇಳಿ. ಆ ಮಾತ್ರೆ ಸಾಮಾನ್ಯವಾಗಿ ಡೈಸಲ್ಫಿರಾಮ್. ಅದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ಬಿ.ಪಿ. ಕುಸಿಯಬಹುದು. ವಿಷಯ ಗೊತ್ತಿದ್ದವರು ಹೆದರಿ ಕುಡಿಯುವುದಿಲ್ಲ, ಔಷಧಿ ಕೆಲಸ ಮಾಡುವುದೇ ಆ ಹೆದರಿಕೆಯಿಂದ. ಗೊತ್ತಿಲ್ಲದವರು ಎಂದಿನಂತೆ ಕ್ವಾರ್ಟರ್ ಕುಡಿಯುತ್ತಾರೆ. ಅವರಾಗಿಯೇ ಒಪ್ಪಿ, ಹೃದಯ, ಲಿವರ್ ಪರೀಕ್ಷೆ ಮಾಡಿಸಿಕೊಂಡು, ದಿನಾ ನಿಮ್ಮ ಕೈಯಿಂದ ತೆಗೆದುಕೊಂಡರೆ ಅದೇ ಮಾತ್ರೆ ಒಳ್ಳೆಯದು. ಆಸೆ ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಕೂಡ ಇವೆ. ಯಾವುದು ಎನ್ನುವುದು ಲಿವರ್, ಕಿಡ್ನಿ ನೋಡಿ ತೀರ್ಮಾನ.

ಪ್ರಶ್ನೆ (ಮೈಸೂರಿನಿಂದ ಒಬ್ಬ ಅಕ್ಕ):

ತಮ್ಮನಿಗೆ 22, ಗಾಂಜಾ. ಮಾತ್ರೆ ಇದೆಯಾ? ಆಸ್ಪತ್ರೆಯವರು ಪೊಲೀಸರಿಗೆ ಹೇಳುತ್ತಾರಾ ಎಂದು ಭಯ.

ಉತ್ತರ:

ಹೇಳುವುದಿಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಗಾಂಜಾ ಬಿಡಿಸಲೆಂದೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ನಿದ್ದೆ, ಸಿಡುಕು ಇದ್ದರೆ ಅದಕ್ಕೆ ಕೊಡುತ್ತೇವೆ. ಮುಖ್ಯವಾಗಿ ಕೌನ್ಸೆಲಿಂಗ್. ಗಾಂಜಾ ಒಂದೇ ಆದರೆ ಸಾಮಾನ್ಯವಾಗಿ ಮನೆಯಿಂದ ಬಂದು ಹೋದರೆ ಸಾಕು. ಯಾರೋ ಬೈದ ಹಾಗೆ ಕೇಳಿಸುತ್ತದೆ, ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದು ಅವನು ಹೇಳುತ್ತಿದ್ದರೆ ಮಾತ್ರ ನಾಳೆಯೇ ಕರೆತನ್ನಿ.

ಪ್ರಶ್ನೆ (ಮಂಡ್ಯದಿಂದ ಒಬ್ಬರು):

ಡಾಕ್ಟ್ರೇ, ಬಿಟ್ಟು ನಾಲ್ಕು ತಿಂಗಳು. ಡೈಸಲ್ಫಿರಾಮ್ ತಗೊಳ್ತಿದ್ದೀನಿ. ಭಾನುವಾರ ಭಾವಮೈದನ ಬೀಗರೂಟ. ಎರಡು ದಿನ ಮಾತ್ರೆ ಬಿಟ್ಟು, ಒಂದೇ ಒಂದು ಪೆಗ್ ಹಾಕಿದರೆ ತೊಂದರೆ ಇದೆಯಾ?

ಉತ್ತರ:

ಕುಡಿಯುವ ಮುಂಚೆ ಕೇಳಿದಿರಲ್ಲ, ಬಹಳ ಒಳ್ಳೆಯದಾಯಿತು. ತೊಂದರೆ ಇದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದು ಕೆಲಸ ಮಾಡಬಹುದು. ಮಾತ್ರೆ ಬಿಡಬೇಡಿ. ಧಾರೆಗೆ ಹೋಗಿದ್ದರೆ ಸಾಕು, ಬೀಗರೂಟ ಈ ವರ್ಷ ಬಿಡಿ. ಹೋಗಲೇಬೇಕಾದರೆ ಮನೆಯವರ ಜೊತೆ ಮೊದಲ ಪಂಕ್ತಿಗೇ ಕೂತು, ಮುದ್ದೆ ಮಟನ್ ಊಟ ಮಾಡಿ, ಕೈ ತೊಳೆದು ಹೊರಡಿ. ತೋಟದ ಕಡೆ ಕರೆಯುವವರ ಜೊತೆ ಹೋಗಬೇಡಿ. ಸೋಮವಾರ ನಿಮ್ಮ ಕೌನ್ಸೆಲರ್‌ಗೆ ಈ ಪೆಗ್ಗಿನ ಯೋಚನೆ ಬಂದದ್ದನ್ನು ಹೇಳಿ.

ಪ್ರಶ್ನೆ (ಮದ್ದೂರಿನ ಸೋದರಿ):

ಒಪ್ಪಿದ್ದಾರೆ ಮೇಡಂ. ನಾಳೆ ಮಂಡ್ಯಕ್ಕೆ ಹೊರಡ್ತೀವಿ. ಆದರೆ ಬೆಳಿಗ್ಗೆ ಕುಡಿಯದೆ ಬಸ್ಸು ಹತ್ತಲ್ಲ.

ಉತ್ತರ:

ಕುಡಿದೇ ಬರಲಿ, ಅದನ್ನು ಮುಚ್ಚಿಡಬೇಡಿ. ಕೊನೆಯ ಸಲ ಎಷ್ಟು ಗಂಟೆಗೆ, ಎಷ್ಟು ಕುಡಿದರು ಎಂದು ಬರೆದುಕೊಳ್ಳಿ. ಹಳೆಯ ಚೀಟಿ, ಆಧಾರ್, ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ. ಚೀಟಿ ಮಾಡಿಸುವಾಗಲೇ ಹಿಂದೆ ಫಿಟ್ಸ್ ಬಂದಿತ್ತು ಎಂದು ಹೇಳಿ. ದಾರಿಯಲ್ಲಿ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ, ಕೈಗೆ ಕಬ್ಬಿಣ ಕೊಡುತ್ತಾ ಹೊತ್ತು ಕಳೆಯಬೇಡಿ, 108ಕ್ಕೆ ಫೋನ್ ಮಾಡಿ.