ಬೇಲಿಯಾಚೆ ಮನೆಯ ಹುಡುಗ, ನಡುವೆ ಒಂದು ಹಲಸಿನ ಮರ

ಕೇಳುತ್ತಿರುವವಳು, ಶಿರಸಿ ಕಡೆಯವಳು, ಈಗ ಬೆಂಗಳೂರು:

ಅನುಭವ ಇದ್ದವರು ದಯವಿಟ್ಟು ಹೇಳಿ. ನಗಬೇಡಿ ಅನ್ನುವುದಿಲ್ಲ, ನಕ್ಕು ಆಮೇಲೆ ಹೇಳಿ.

ನಮ್ಮ ಅಡಿಕೆ ತೋಟಕ್ಕೂ ಪಕ್ಕದವರ ತೋಟಕ್ಕೂ ನಡುವೆ ಬೇಲಿ. ಬೇಲಿಯ ಮೇಲೇ ಒಂದು ಹಲಸಿನ ಮರ. ಬುಡ ನಮ್ಮ ಕಡೆ, ಜಾಸ್ತಿ ಕಾಯಿ ಬಿಡುವ ಕೊಂಬೆ ಅವರ ಕಡೆ. ಇಷ್ಟಕ್ಕೇ ನನ್ನ ಅಜ್ಜನಿಗೂ ಅವರ ಅಜ್ಜನಿಗೂ ಮಾತು ಬಿಟ್ಟುಹೋಯಿತು. ನಾನು ಹುಟ್ಟುವ ಮೊದಲಿನ ಕಥೆ. ಅಜ್ಜಂದಿರು ಇಬ್ಬರೂ ಈಗಿಲ್ಲ. ಮರ ಇದೆ. ಪ್ರತಿ ವರ್ಷ ಕಾಯಿ ಬಿಡುತ್ತದೆ, ಎರಡೂ ಮನೆಯವರು ಮುಟ್ಟುವುದಿಲ್ಲ. ಮಂಗಗಳಿಗೆ ಹಬ್ಬ.

ಆ ಮನೆಯ ಹುಡುಗನನ್ನು ಸರಿಯಾಗಿ ನೋಡಿದ್ದು ಮಾರಿಕಾಂಬೆ ಜಾತ್ರೆಯಲ್ಲಿ. ಜಾತ್ರೆ ಆಗುವುದೇ ಎರಡು ವರ್ಷಕ್ಕೊಮ್ಮೆ, ಹಾಗಾಗಿ ಊರಿಗೆ ಊರೇ ಅಲ್ಲಿರುತ್ತದೆ. ದೊಡ್ಡ ತೊಟ್ಟಿಲು ತಿರುಗಿಸುವವನಿಗೆ ನಮ್ಮ ಮನೆ ಜಗಳ ಗೊತ್ತಿಲ್ಲವಲ್ಲ, ಒಂಟಿಯಾಗಿ ನಿಂತಿದ್ದ ಇಬ್ಬರನ್ನೂ ಒಂದೇ ತೊಟ್ಟಿಲಿಗೆ ತುಂಬಿದ. ಮೇಲೆ ಹೋಗಿ ನಿಂತಿತು. ಕೆಳಗೆ ನನ್ನ ಅಮ್ಮ ಮಂಡಕ್ಕಿ ಅಂಗಡಿ ಮುಂದೆ, ಅವನ ಅಮ್ಮ ಬಳೆ ಅಂಗಡಿ ಮುಂದೆ, ಒಬ್ಬರಿಗೊಬ್ಬರು ಬೆನ್ನು ಹಾಕಿ. ಅವನು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಕಡೆಯಿಂದ ನೋಡಿದರೆ ಆ ಮರ ಹೇಗೆ ಕಾಣುತ್ತದೆ?"

ಈಗ ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಊರಿಗೆ ಹೋಗುವುದು ಒಂದೇ ರಾತ್ರಿ ಬಸ್ಸಿನಲ್ಲಿ, ಬೇರೆ ಬೇರೆ ಸೀಟು. ಶಿರಸಿಯಲ್ಲಿ ಇಳಿದ ಮೇಲೆ ಗುರುತೇ ಇಲ್ಲದವರ ಹಾಗೆ. ಅವನ ಅಪ್ಪ ಬೈಕು ತಂದಿರುತ್ತಾರೆ, ನನ್ನ ಅಪ್ಪ ಓಮ್ನಿ. ರಸ್ತೆ ಒಂದೇ. ಬೈಕಿನ ಹಿಂದೆ ಕೂತ ಅವನ ಬೆನ್ನು ನೋಡಿಕೊಂಡೇ ಮನೆ ತನಕ ಹೋಗುತ್ತೇನೆ.

ಜಾತಿ ಒಂದೇ, ಗೋತ್ರ ಬೇರೆ. ತಕರಾರು ಇರುವುದು ಮರದ್ದೊಂದೇ. ಯಾರಿಗೆ ಮೊದಲು ಹೇಳಬೇಕು?

ತೀರ್ಥಹಳ್ಳಿ ಕಡೆಯ ಅಕ್ಕ:

ತಂಗಿ, ನಾನು ಎದುರು ಪಾರ್ಟಿ ಮನೆಗೇ ಸೊಸೆಯಾಗಿ ಬಂದವಳು. ನಮ್ಮದು ತೋಟಕ್ಕೆ ಗಾಡಿ ಹೋಗುವ ದಾರಿಯ ಜಗಳ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ಕೇಸು ಹಾಕಿದ್ದು. ನನ್ನ ಮದುವೆ ಹೊತ್ತಿಗೂ ಮುಗಿದಿರಲಿಲ್ಲ. ಧಾರೆ ಎರೆದವರು ವಾದಿ, ಹುಡುಗನ ಅಪ್ಪ ಪ್ರತಿವಾದಿ!

ಯಾರಿಗೆ ಮೊದಲು ಹೇಳಬೇಕು ಅಂತ ಕೇಳಿದ್ದೀಯಲ್ಲ, ಅದಕ್ಕಿಂತ ಮೊದಲು ಒಂದು ಕೆಲಸ ಮಾಡು. ಎರಡೂ ಮನೆಯ ಅಡುಗೆಮನೆಯಲ್ಲಿ ಏನು ನಡೆದಿದೆ ನೋಡು. ನಾನು ಮದುವೆಯಾಗಿ ಬಂದು ಮೂರನೆಯ ದಿನ ಮಜ್ಜಿಗೆಗೆ ಪಾತ್ರೆ ಹುಡುಕುತ್ತಿದ್ದೆ. ಮೇಲಿನ ಹಲಗೆಯಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳ ಸ್ವಲ್ಪ ನೆಗ್ಗಿತ್ತು. ಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು. ನೋಡಿದರೆ ನಮ್ಮ ಅಜ್ಜಿಯದ್ದು! ಜಗಳ ಶುರುವಾಗುವ ಮೊದಲು ಅಪ್ಪೆಮಿಡಿ ತುಂಬಿ ಕಳಿಸಿದ್ದಂತೆ. ಬರಿ ಪಾತ್ರೆ ವಾಪಸ್ ಕೊಡಬಾರದಲ್ವಾ, ಅದಕ್ಕೆ ನಮ್ಮತ್ತೆ ಅದರಲ್ಲಿ ಹಪ್ಪಳ ಹಾಕಿ ಕೊಟ್ಟರು. ಅಲ್ಲಿಂದ ಮತ್ತೆ ಇನ್ನೇನೋ ತುಂಬಿ ಬಂತು. ತೋಟದ ಕೆಲಸಕ್ಕೆ ಬರುವ ಹೆಂಗಸಿನ ಸೆರಗಿನಡಿ ಆ ಡಬ್ಬಿ ಅಷ್ಟೂ ವರ್ಷ ಓಡಾಡಿದೆ. ಗಂಡಸರು ಲಾಯರಿಗೆ ದುಡ್ಡು ಸುರಿಯುತ್ತಿದ್ದಾಗ ಇವರು ಉಪ್ಪಿನಕಾಯಿ ತಿನ್ನುತ್ತಿದ್ದರು. ನಮ್ಮಪ್ಪನಂತೂ ಎದುರು ಪಾರ್ಟಿಯ ಹಪ್ಪಳವನ್ನೇ "ಈ ಸಲದ್ದು ಚೆನ್ನಾಗಿ ಬಂದಿದೆ" ಅಂತ ತಿಂದಿದ್ದಾರೆ.

ಹಾಗಾಗಿ ಸಿಟ್ಟು ನಿಜಕ್ಕೂ ಯಾರಲ್ಲಿದೆ, ಯಾರು ಸುಮ್ನೆ ಅಭ್ಯಾಸಬಲದಿಂದ ಮುಖ ತಿರುಗಿಸುತ್ತಿದ್ದಾರೆ, ಅದನ್ನು ತಿಳಿದುಕೋ. ನಮ್ಮ ಮನೆಯಲ್ಲಿ ನಿಜವಾದ ಸಿಟ್ಟು ಇದ್ದದ್ದು ಒಬ್ಬ ಚಿಕ್ಕಪ್ಪನಿಗೆ ಮಾತ್ರ. ಅವರಿಗೆ ಮದುವೆಯ ಅಡುಗೆ ಉಸ್ತುವಾರಿ ಕೊಟ್ಟರು. ಸಿಟ್ಟು ಮಾಡಿಕೊಳ್ಳಲು ಪುರುಸೊತ್ತೇ ಸಿಗಲಿಲ್ಲ.

ಕೇಸು ಆಮೇಲೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಮೇಲಿನ ಕೋರ್ಟಿಗೆ ಅಪೀಲೂ ಇಲ್ಲ. ಅಪ್ಪ, ಮಾವ ಒಂದೇ ಜೀಪಿನಲ್ಲಿ ಹೋಗಿ ಸಹಿ ಹಾಕಿ, ಮಸಾಲೆ ದೋಸೆ ತಿಂದು ಬಂದರು. ಫೀ ಬರುವ ಮೊದಲೇ ದೋಸೆ ಖರ್ಚು ನಮ್ಮಪ್ಪನ ಮೇಲೆ ಬಿತ್ತು. ಅದನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಮಂಡ್ಯ ಕಡೆಯ ಅಣ್ಣ:

ನಮ್ಮದು ನಾಲೆ ನೀರಿನ ಜಗಳ. ರಾತ್ರಿ ಹೊತ್ತು ತೂಬು ತಿರುಗಿಸಿದ್ದು ಯಾರು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ನಾನು ಬುದ್ಧಿವಂತಿಕೆ ಮಾಡಿ ಅವ್ವನಿಗೆ ಮಾತ್ರ ಹೇಳಿದೆ. ಅವ್ವ ಚಿಕ್ಕಮ್ಮನಿಗೆ ಹೇಳಿತು. ಅಪ್ಪನಿಗೆ ಗೊತ್ತಾಗಿದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡ ಬೋಳಿಸಿಕೊಂಡೇ ಎದ್ದು ಮನೆಗೆ ಬಂದರು. ಮದುವೆ ಬೇಡ ಅನ್ನಲಿಲ್ಲ, "ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗಬೇಕಾ" ಅಂತ ಆರು ತಿಂಗಳು ಮಾತು ಬಿಟ್ಟರು. ನಾಲೆ ಜಗಳಕ್ಕಿಂತ ಈ ಗಡ್ಡದ ಜಗಳ ದೊಡ್ಡದಾಯಿತು. ಎರಡೂ ಮನೆಯಲ್ಲಿ ಒಂದೇ ದಿನ ಹೇಳಿ. ಸಾಧ್ಯವಾದರೆ ಒಂದೇ ಗಂಟೆಗೆ.

ಧಾರವಾಡದ ಕಡೆಯವರು:

ಓಡಿಹೋಗಿ ಮಾಡಿಕೊಳ್ಳೋಣ ಅನ್ನುವವರಿಗೆ ನನ್ನದೊಂದು ಮಾತು. ನಮ್ಮದು ಗ್ರಾಮ ಪಂಚಾಯಿತಿ ಚುನಾವಣೆಯ ದ್ವೇಷ, ಹೊಲದ ಜಗಳಕ್ಕಿಂತ ಕೆಟ್ಟದ್ದು. ಜಾತಿಯೂ ಬೇರೆ. ಗುಟ್ಟಾಗಿ ಮುಗಿಸೋಣ ಅಂತ 1954ರ ವಿಶೇಷ ವಿವಾಹ ಕಾಯ್ದೆಯಡಿ ಅರ್ಜಿ ಕೊಟ್ಟೆವು. ಆ ಕಾಯ್ದೆಯಲ್ಲಿ 30 ದಿನದ ನೋಟಿಸ್ ಇರುತ್ತದೆ, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಚ್ಚುತ್ತಾರೆ ಅಂತ ನಮಗೆ ಗೊತ್ತಿರಲಿಲ್ಲ. ನಾಲ್ಕನೇ ದಿನ ನಮ್ಮ ಊರಿನವರೊಬ್ಬರು ಸೈಟ್ ನೋಂದಣಿಗೆ ಅದೇ ಕಚೇರಿಗೆ ಬಂದರು. ಸರದಿಯಲ್ಲಿ ಕೂತು ಬೇಸರ ಬಂದು ಬೋರ್ಡ್ ಓದಿದ್ದಾರೆ. ಸಂಜೆಯೊಳಗೆ ಎರಡೂ ಮನೆಯವರು ನಮ್ಮ ರೂಮಿನ ಬಾಗಿಲಲ್ಲಿ. ಬಂದವರು ನಮ್ಮನ್ನು ಬಿಟ್ಟು ತಮ್ಮತಮ್ಮಲ್ಲೇ ಹಳೇ ಚುನಾವಣೆ ಲೆಕ್ಕ ಶುರು ಮಾಡಿದರು. ನಾವು ಅವರಿಗೆ ಚಹಾ ಮಾಡಿಕೊಟ್ಟೆವು.

ಕೊನೆಗೆ ಒಳ್ಳೆಯದೇ ಆಯಿತು. ಆದರೂ ಅಪ್ಪ ಅವ್ವನ ಮುಂದೆ ನಾವೇ ಕೂತು ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ನಿವೃತ್ತ ಭೂಮಾಪಕರು, ಸಾಗರ ಕಡೆ:

ಮಗಳೇ, ಯಾರಾದರೂ "ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿ, ಅಳತೆ ಮಾಡಿಸಿ, ಮರ ಯಾರದ್ದು ಅಂತ ಗೊತ್ತಾಗಲಿ" ಅಂದರೆ ಈಗಲೇ ಹಾಕಬೇಡ. ನಾನೇ ಎಷ್ಟೋ ಹದ್ದುಬಸ್ತು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಅರ್ಜಿ ಹಾಕಿದರೆ ಪಕ್ಕದ ಜಮೀನಿನವರಿಗೆ ನೋಟಿಸ್ ಹೋಗುತ್ತದೆ. ಅಳೆದ ಮೇಲೆ ಒಬ್ಬರು ಸೋಲಲೇಬೇಕು. ಗುಂಟೆ ಅಂದರೆ 33 ಅಡಿಗೆ 33 ಅಡಿ. ಅಷ್ಟು ಜಾಗದಲ್ಲಿ ಅರ್ಧ ಅಡಿ ಆಚೀಚೆ ಆದರೂ ಸೋತವನಿಗೆ ನಿದ್ದೆ ಬರುವುದಿಲ್ಲ. ಮದುವೆ ಮಾತಿಗೆ ಮೊದಲು ಯಾರನ್ನೂ ಸೋಲಿಸಬೇಡ.

ಒಂದು ಸಲ ಮಾತ್ರ ಬೇರೆ ಥರ ಆಯಿತು. ಒಂದು ಮಾವಿನ ಮರಕ್ಕೆ ಎರಡು ಮನೆಯವರು ಇಪ್ಪತ್ತು ವರ್ಷ ಕಿತ್ತಾಡಿದ್ದರು. ಅಳೆದು ನೋಡಿದರೆ ಮರ ಇಬ್ಬರದ್ದೂ ಅಲ್ಲ, ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಸೇರದ ಜಾಗದಲ್ಲಿ, ನಿಂತಿದೆ. ಸರ್ಕಾರದ್ದು! ಕಲ್ಲು ನೆಡುವ ಹೊತ್ತಿಗೆ ಇಬ್ಬರೂ ಒಟ್ಟಾಗಿ ನನ್ನನ್ನು ಬಯ್ಯತೊಡಗಿದರು. ಅಷ್ಟು ವರ್ಷದಲ್ಲಿ ಅವರು ಮೊದಲ ಸಲ ಒಂದೇ ಪಕ್ಷದಲ್ಲಿ ಮಾತಾಡಿದ್ದು.

ಕುಂದಾಪುರ ಕಡೆಯವಳು:

ಎಲ್ಲರೂ ಚಂದದ ಕಥೆಯನ್ನೇ ಹೇಳುತ್ತಿದ್ದೀರಿ, ನನ್ನದೂ ಕೇಳಿ ಮಾರಾಯ್ರೆ. ನಾವೂ ಮೂರು ವರ್ಷ ಕದ್ದು ಮಾತಾಡಿದ್ದು. ದೇವಸ್ಥಾನದ ಊಟಕ್ಕೆ ಹೋದರೆ ಬೇರೆ ಬೇರೆ ಪಂಕ್ತಿ, ಪಾಯಸ ಬಡಿಸುವ ನೆಪದಲ್ಲಿ ಅವ ನಮ್ಮ ಪಂಕ್ತಿಗೆ ಬರುವುದು. ಎಂಥ ಗಮ್ಮತ್ತು! ಆಮೇಲೆ ಮನೆಯವರು ಒಪ್ಪಿದರು. ಒಪ್ಪಿದ ಮರುವಾರ ಇಬ್ಬರೂ ಧೈರ್ಯವಾಗಿ ಹೋಟೆಲಿನಲ್ಲಿ ಎದುರು ಬದುರು ಕೂತೆವು. ಅರ್ಧ ಗಂಟೆ ಕಳೆದರೂ ಮಾತಾಡಲು ಏನೂ ಸಿಗಲಿಲ್ಲ. ಅಷ್ಟು ದಿನ ನಾವು ಮಾತಾಡಿದ್ದೆಲ್ಲ ಮನೆಯವರಿಗೆ ಗೊತ್ತಾಗದ ಹಾಗೆ ಸಿಗುವುದು ಹೇಗೆ ಅಂತ ಮಾತ್ರ. ಮದುವೆ ಬೇಡ ಅಂತ ಇಬ್ಬರೂ ಖುಷಿಯಲ್ಲೇ ಬಿಟ್ಟೆವು. ತಮಾಷೆ ಎಂತ ಅಂದರೆ ಮನೆಗಳು ಒಂದಾದದ್ದು ಹಾಗೇ ಉಳಿಯಿತು. ಅವನ ಮದುವೆಯಲ್ಲಿ ನನ್ನ ಅಮ್ಮನದ್ದೇ ಓಡಾಟ.

ಮರ ಇಲ್ಲದಿದ್ದರೂ ಅವ ನಿನಗೆ ಬೇಕಾ? ಅದೊಂದು ನೋಡಿಕೋ. ಬೈಕಿನ ಹಿಂದೆ ಕೂತವನ ಬೆನ್ನು ನೋಡುವಾಗ ಎಲ್ಲರೂ ಚಂದವೇ.

ಕೇಳಿದವಳು, ಎರಡು ವಾರ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಕುಂದಾಪುರದ ಅಕ್ಕ, ನಿಮ್ಮ ಮಾತು ಕೇಳಿ ಒಂದು ಭಾನುವಾರ ಪೂರ್ತಿ ಮರದ ಸುದ್ದಿ ಎತ್ತದೆ ಇದ್ದೆವು. ಸಾಯಂಕಾಲದವರೆಗೆ ಮಾತು ಮುಗಿಯಲಿಲ್ಲ. ಅವನಿಗೆ ಅಡುಗೆ ಬರುವುದಿಲ್ಲ ಅನ್ನುವುದೊಂದು ಗೊತ್ತಾಯಿತು, ಬೇಸರವೂ ಆಯಿತು.

ಡಬ್ಬಿ ಕಥೆ ಓದಿ ನಮ್ಮ ಅಡುಗೆಮನೆಯನ್ನೂ ಜಾಲಾಡಿದೆ. ಏನೂ ಸಿಗಲಿಲ್ಲ. ನಮ್ಮಲ್ಲಿ ಜಗಳವನ್ನು ಹೆಂಗಸರೂ ನಿಯತ್ತಾಗಿ ಮಾಡಿದ್ದಾರೆ. ಅದಕ್ಕೆ ನೇರವಾಗಿ ಅಜ್ಜಿಯ ಹತ್ತಿರ ಕೂತು ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಹುಡುಗ ಯಾವಾಗಿನಿಂದ?"

"ಜಾತ್ರೆಯಿಂದ."

"ಆ ಮರ ಗಟ್ಟಿ ತೊಳೆಯ ಬಕ್ಕೆಯಲ್ಲ ಗೊತ್ತುಂಟಾ? ಮೆತ್ತನೆಯ ಅಂಬಲಿ ಹಲಸು. ತೊಳೆ ಬಿಡಿಸಿದರೆ ಕೈಯಲ್ಲೇ ಕರಗುತ್ತದೆ, ಹಪ್ಪಳಕ್ಕೂ ಬರುವುದಿಲ್ಲ. ಬಕ್ಕೆ ಆಗಿದ್ದರೆ ಜಗಳಕ್ಕೊಂದು ಅರ್ಥ ಇತ್ತು. ನಿನ್ನ ಅಜ್ಜನಿಗೂ ಇದನ್ನೇ ಹೇಳಿದ್ದೆ."

ಅದೇ ಗಂಟೆಗೆ (ಮಂಡ್ಯದ ಅಣ್ಣನ ಲೆಕ್ಕ) ಅವನೂ ಅವನ ಮನೆಯಲ್ಲಿ ಹೇಳಿದ. ಹೇಳಿದ್ದಲ್ಲದೆ ದೋಟಿ ತಗೊಂಡು ಹೋಗಿ ಅವರ ಕಡೆಯ ಕೊಂಬೆಯಿಂದ ಒಂದು ಹಣ್ಣು ಕೆಡವಿದ. ಆ ಶಬ್ದಕ್ಕೆ ಎರಡೂ ಮನೆಯ ನಾಯಿ ಬೊಗಳಿದವು. ಅಪ್ಪ ಜಗುಲಿಗೆ ಬಂದು ನೋಡಿದರು, ಮಾತಾಡಲಿಲ್ಲ, ಒಳಗೆ ಹೋದರು.

ಮರುದಿನ ಬೆಳಿಗ್ಗೆ ಆ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಹಲಸಿನ ಹಣ್ಣಿನ ಕಡುಬು ಬಂತು, ಬಾಳೆಲೆಯಲ್ಲಿ ಸುತ್ತಿದ್ದು, ಇನ್ನೂ ಬಿಸಿ. ಅಪ್ಪ ತುಪ್ಪ ಹಾಕಿಕೊಂಡು ಎರಡು ತಿಂದರು. ಮದುವೆಯ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ. ಡಬ್ಬಿ ನಮ್ಮಲ್ಲೇ ಇದೆ. ಅದಕ್ಕೆ ಏನು ತುಂಬಿ ಕಳಿಸುವುದು ಅಂತ ಅಮ್ಮ, ಅಜ್ಜಿ ಮೂರು ದಿನದಿಂದ ಚರ್ಚೆ ಮಾಡುತ್ತಿದ್ದಾರೆ.