ಪದಚರ್ಚೆ: ‘ಒಡಂಬಡಿಕೆ’, ‘ರಕ್ಷಣೆ’ – ಹದಿಹರೆಯದವರಿಗೆ ತಿಳಿಯುವ ಪದ ಬೇಕು (ತುರ್ತು)

ಬಲ್ಲವರಲ್ಲಿ ವಿನಂತಿ. ಹದಿಮೂರರಿಂದ ಹದಿನಾರು ವಯಸ್ಸಿನವರ ಬೈಬಲ್ ಪಾಠದ ಪುಸ್ತಿಕೆ ನಾಳೆ ಅಚ್ಚಿಗೆ ಹೋಗಬೇಕು. ‘ಒಡಂಬಡಿಕೆ’ ಅಂದರೆ ಮಕ್ಕಳಿಗೆ ಹಳೆಯದು, ಹೊಸದು ಎಂಬ ಎರಡು ಭಾಗಗಳಷ್ಟೇ ನೆನಪಾಗುತ್ತವೆ. ‘ರಕ್ಷಣೆ’ ಅಂದರೆ ಪೊಲೀಸರು. ‘ಒಪ್ಪಂದ’, ‘ಮೋಕ್ಷ’ ಎಂದು ಬದಲಿಸಬಹುದೇ?

---

ಎರಡೂ ಬೇಡ.

ಒಪ್ಪಂದದಲ್ಲಿ ಒಬ್ಬ ತಪ್ಪಿದರೆ ಇನ್ನೊಬ್ಬ ಬಿಡುಗಡೆಯಾದ. ಆದಿಕಾಂಡ 15 ನೋಡಿ, ದೇವರು ಅಬ್ರಾಮನಿಗೆ ಮಾತು ಕೊಡುವ ಕಥೆ: ಸೀಳಿಟ್ಟ ಪಶುಗಳ ನಡುವೆ ಹಾದುಹೋದದ್ದು ದೇವರ ಗುರುತಾದ ಹೊಗೆಯಾಡುವ ಒಲೆ, ಉರಿಯುವ ದೀವಟಿಗೆ. ಅಬ್ರಾಮ ಹಾದುಹೋಗಲೇ ಇಲ್ಲ. ಹೀಬ್ರೂವಿನಲ್ಲಿ ಒಡಂಬಡಿಕೆಗೆ ‘ಬೆರೀತ್’ ಎನ್ನುತ್ತಾರೆ, ಅದನ್ನು ಮಾಡುವುದಿಲ್ಲ, ‘ಕಡಿಯುತ್ತಾರೆ’. ಗ್ರೀಕಿಗೆ ತಂದವರೂ ಇಬ್ಬರು ಕೂಡಿ ಮಾಡುವ ಕರಾರಿನ ‘ಸುಂಥೇಕೆ’ ಬಿಟ್ಟು, ಉಯಿಲು ಎಂಬರ್ಥವೂ ಇದ್ದ ‘ದಿಯಥೇಕೆ’ ಹಿಡಿದರು. ಮೋಕ್ಷವೆಂದರೆ ಹುಟ್ಟುಸಾವಿನ ಚಕ್ರದಿಂದ ಬಿಡುಗಡೆ. ಕ್ರೈಸ್ತರು ಹೇಳುವುದು ಅದನ್ನಲ್ಲ.

---

‘ಒಡಂಬಡಿಕೆ’ ಅಚ್ಚಗನ್ನಡ. ಒಡನ್ + ಪಡು, ಅನುನಾಸಿಕದ ಮುಂದೆ ಪಕಾರ ಬಕಾರವಾಗಿದೆ. ತಮಿಳಿನ ‘ಉಡನ್ಪಡಿಕ್ಕೈ’ ಇದರ ಒಡಹುಟ್ಟು. ತೆಲುಗರು ಸಂಸ್ಕೃತದ ‘ನಿಬಂಧನ’ಕ್ಕೆ ಹೋದರು, ನಮಗೆ ಆ ಗತಿ ಬರಲಿಲ್ಲ. ಹಾಗಿರುವಾಗ ‘ರಕ್ಷಣೆ’ ಮಾತ್ರ ಏಕೆ? ‘ಕಾಪು’ ಅನ್ನಿ. ಕನ್ನಡದ ಬೇರಿರುವಾಗ ಎರವಲು ತರುವುದು ಸೋಮಾರಿತನ.

---

‘ಒಡನ್’ ಇದ್ದರೆ ಇಬ್ಬರೂ ಒಪ್ಪಿದರು ಎಂದಾಯಿತಲ್ಲ? ‘ಒಪ್ಪಂದ’ಕ್ಕೆ ಮೊದಲು ಉತ್ತರಿಸಿದವರು ಎತ್ತಿದ ಆಕ್ಷೇಪ ಈ ಪದಕ್ಕೂ ತಗಲುತ್ತದೆ.

---

ತಗಲುವುದಿಲ್ಲ. ವಿಮೋಚನಕಾಂಡ 24ರಲ್ಲಿ ಜನ ಬಾಯಿಬಿಟ್ಟು ಒಪ್ಪಿದ ಮೇಲೆಯೇ ಮೋಶೆ ಅವರ ಮೇಲೆ ರಕ್ತ ಚಿಮುಕಿಸಿದ್ದು. ಅವರು ಮೀರಿದರು. ಆದರೂ ದೇವರು ಕೈಬಿಡದೆ, ಹೊಸದೊಂದನ್ನು ಹೃದಯದ ಮೇಲೆ ಬರೆಯುವೆನೆಂದ (ಯೆರೆಮೀಯ 31). ಕಡೆಯ ಊಟದಲ್ಲಿ ಯೇಸು ಪಾತ್ರೆ ಹಿಡಿದು ಹೇಳಿದ್ದು ಅದನ್ನೇ. ಒಪ್ಪಿ ತಪ್ಪಿದವರನ್ನೂ ಬಿಡದ ನಂಟು ಅದು. ಹದಿಹರೆಯದವರಿಗೆ ಮುಟ್ಟಬೇಕಾದದ್ದು ಇದು, ಬೇರುಪದ ಅಲ್ಲ.

‘ಕಾಪು’ ಕಾವಲಾಯಿತು. ಅಪಾಯ ಬರುವ ಮುಂಚಿನ ಮಾತು. ಇಲ್ಲಿರುವುದು ಸಿಕ್ಕಿಬಿದ್ದವರನ್ನು ಎಳೆದು ತರುವುದು. ಮತ್ತಾಯ 1:21ರಲ್ಲಿ ಯೇಸುವಿನ ಹೆಸರಿಗೇ ಆ ಅರ್ಥ: ತನ್ನ ಜನರನ್ನು ಪಾಪಗಳಿಂದ ಬಿಡಿಸುವವನು. ರಕ್ತಕುಸುಮದ (ರಕ್ತಸ್ರಾವದ ರೋಗದ) ಹೆಂಗಸು ವಾಸಿಯಾದಾಗಲೂ ಗ್ರೀಕಿನಲ್ಲಿ ಈ ‘ಬಿಡಿಸು’ವ ಧಾತುವೇ. ಕೆಥೋಲಿಕರು ಬಳಸುವ ‘ಜೀವೋದ್ಧಾರ’ದಲ್ಲಿ ಈ ಎತ್ತುವ ಅರ್ಥ ಚೆನ್ನಾಗಿದೆ, ನನಗೆ ಇಷ್ಟದ ಪದ.

---

‘ಜೀವೋದ್ಧಾರ’! ಮತ್ತೆ ಸಂಸ್ಕೃತ. ‘ಬಿಡುಗಡೆ’ ಏನು ತಪ್ಪು ಮಾಡಿತ್ತು?

---

‘ಆಮೆನ್’, ‘ಹಲ್ಲೆಲೂಯ’ ಹೀಬ್ರೂ, ‘ಕ್ರಿಸ್ತ’ ಗ್ರೀಕು. ಅವನ್ನೂ ತೆಗೆಯುತ್ತೀರಾ? ಸಾಕು ಮಾಡಿ.

---

ಹೆಸರುಗಳ ಮಾತು ಬೇರೆ, ಪರಿಭಾಷೆಯ ಮಾತು ಬೇರೆ. ಬೆರೆಸಬೇಡಿ.

---

ಎಲ್ಲರಿಗೂ ವಂದನೆ. ‘ಒಡಂಬಡಿಕೆ’ ಉಳಿಸುತ್ತೇನೆ, ಆದಿಕಾಂಡ 15ರ ಕಥೆಯನ್ನು ಮೊದಲ ಪುಟಕ್ಕೆ ತರುತ್ತೇನೆ. ‘ರಕ್ಷಣೆ’ಯನ್ನು ಒಂಟಿಯಾಗಿ ಬಿಡದೆ, ಬಂದಲ್ಲೆಲ್ಲ ‘ಪಾಪದಿಂದ’, ‘ಮರಣದಿಂದ’ ಎಂದು ಸೇರಿಸುತ್ತೇನೆ. ‘ಬಿಡುಗಡೆ’ ವಿಮೋಚನಕಾಂಡದ ಪಾಠಕ್ಕೆ ಹೊಂದುತ್ತದೆ, ಅಲ್ಲಿ ಹಾಕಿದೆ. ‘ದಿಯಥೇಕೆ’ಯ ಉಯಿಲಿನರ್ಥ ಇಬ್ರಿಯರಿಗೆ 9:16ರಲ್ಲಿ ಎದುರಾಗುತ್ತದೆ. ಅಲ್ಲಿ ‘ಉಯಿಲು’ ಎಂದೇ ಬರೆಯಲೇ?